ಪಾದ್ರಿಯಮ್ಮನ ಪ್ರಶ್ನೆ

ಆ ಆಫೀಸಿನಲ್ಲಿ ಇದ್ದ ಫೋಟೋ ಹುಡುಕುವುದಕ್ಕಿಂತ ಹೊಸದನ್ನು ತೆಗೆಸುವುದೇ ಸುಲಭ ಎಂಬುದು ಎಲ್ಲರೂ ಒಪ್ಪಿಕೊಂಡ ಸತ್ಯವಾಗಿತ್ತು. ಫಿಜಿಯ ನಾಂದಿ ಪೇಟೆಯ ದೊಡ್ಡ ಬೀದಿ, ಕೆಳಗೆ ಸೀರೆ ಅಂಗಡಿ, ಮೇಲೆ ನಾಲ್ಕು ರೆಸಾರ್ಟುಗಳನ್ನು ನಡೆಸುವ ಕಂಪನಿಯ ಪ್ರಚಾರ ವಿಭಾಗ. ಸಮುದ್ರ, ತೆಂಗಿನಮರ, ಮದುಮಕ್ಕಳು, ಬಾಳೆಲೆಯಲ್ಲಿ ಸುತ್ತಿದ ಮೀನು, ಎಲ್ಲವೂ ಸಾವಿರಗಟ್ಟಲೆ ಫೋಟೋಗಳಾಗಿ ಯಾರ್ಯಾರದೋ ಕಂಪ್ಯೂಟರಿನಲ್ಲಿ, ಫೋನಿನಲ್ಲಿ, ಮೇಜಿನ ಡ್ರಾಯರಿನ ಹಾರ್ಡ್ ಡಿಸ್ಕುಗಳಲ್ಲಿ ದಿಕ್ಕಾಪಾಲಾಗಿ ಬಿದ್ದಿದ್ದವು. ಕಳೆದ ವರ್ಷ ಮದುವೆ ಪ್ಯಾಕೇಜಿನ ಹೊಸ ಜಾಹೀರಾತಿನಲ್ಲಿ ಕೈ ಕೈ ಹಿಡಿದು ನಿಂತಿದ್ದ ಜೋಡಿ ಅಷ್ಟರಲ್ಲಾಗಲೇ ಬೇರೆಯಾಗಿತ್ತು. ಗಂಡನ ಎರಡನೆಯ ಹೆಂಡತಿ ವಕೀಲರ ಕೈಯಿಂದ ಕಾಗದ ಬರೆಸಿದಳು. ಆಗ ಮೇಲಧಿಕಾರಿ ಅವಿನೇಶ್ ಗೌಂಡರ್‌ಗೆ ಜ್ಞಾನೋದಯವಾಯಿತು.

"ಫೋಟೋಗಳಿಗೆಲ್ಲ ಒಂದೇ ಕಣಜ ಬೇಕು. ಯಾವ್ದು ಎಲ್ಲಿದೆ, ಯಾರು ತೆಗ್ದಿದ್ದು, ಯಾರ ಒಪ್ಪಿಗೆ ಇದೆ, ಎಲ್ಲೀವರೆಗೂ ಬಳಸ್ಬಹುದು, ಕೇಳಿದ ತಕ್ಷಣ ಹೇಳ್ಬೇಕು. ಅದಕ್ಕೆ ಅಂತ್ಲೇ ಸಾಫ್ಟ್‌ವೇರ್ ಬಂದಿವೆಯಂತೆ. ಉನಾಯ್ಸಿ, ಕೆಲೆರಾ, ನೀವಿಬ್ರೂ ನೋಡಿ ಒಂದು ಆರಿಸಿ. ಜಗಳ ಮಾತ್ರ ಆಡ್ಬೇಡಿ, ಪ್ಲೀಸ್," ಎಂದ.

ಜಗಳ ಆಡಬೇಡಿ ಎಂದದ್ದಕ್ಕೆ ಆಫೀಸೇ ಗೊಳ್ಳೆಂದು ನಕ್ಕಿತು. ಏಕೆಂದರೆ ಉನಾಯ್ಸಿಯೂ ಕೆಲೆರಾಳೂ ತೌವು. ಉನಾಯ್ಸಿಯ ಅಪ್ಪನ ಊರಿನ ಮೂಲದೈವ, ಕೆಲೆರಾಳ ಊರಿನ ಮೂಲದೈವ ಒಂದು ಕಾಲದಲ್ಲಿ ಅಣ್ಣತಮ್ಮಂದಿರಾಗಿದ್ದರಂತೆ. ಆದ್ದರಿಂದ ಆ ಎರಡೂ ಊರಿನವರು ಭೂಮಿಯ ಯಾವ ಮೂಲೆಯಲ್ಲಿ ಸಿಕ್ಕರೂ ಒಬ್ಬರಿಗೊಬ್ಬರು ತೌವು. ತೌವು ಆದಮೇಲೆ ಬಾಯಿಗೆ ಬಂದಂತೆ ಬೈಯಬಹುದು, ಗೇಲಿ ಮಾಡಬಹುದು, ಕೇಳದೆ ಎದುರಿನವರ ತಟ್ಟೆಗೆ ಕೈ ಹಾಕಬಹುದು, ಇಷ್ಟವಾದ ಕೊಡೆಯನ್ನೋ ಚಪ್ಪಲಿಯನ್ನೋ ಎತ್ತಿಕೊಂಡು ಹೋಗಬಹುದು. ಸಿಟ್ಟು ಮಾಡಿಕೊಳ್ಳುವ ಹಾಗೆ ಮಾತ್ರ ಇಲ್ಲ. ತೌವು ಮೇಲೆ ಸಿಟ್ಟಾದವನನ್ನು ನೋಡಿ ಎರಡೂ ಊರು ಸೇರಿ ನಗುತ್ತವೆ.

ದಿನಾ ಮಧ್ಯಾಹ್ನ ಕೆಲೆರಾ, ಆಲೂಗಡ್ಡೆ ಪಲ್ಯ ಸುತ್ತಿದ ಉನಾಯ್ಸಿಯ ರೋಟಿ ಪಾರ್ಸೆಲ್ಲಿನಲ್ಲಿ ಅರ್ಧವನ್ನು ಕೇಳದೆ ಮುರಿದುಕೊಳ್ಳುತ್ತಿದ್ದಳು.

"ನಿಮ್ಮೂರಲ್ಲಿ ಒಲೆ ಹಚ್ಚೋದು ಇನ್ನೂ ಕಲ್ತಿಲ್ವೇನೇ, ಕಳ್ಳಿ?" ಎಂದು ಉನಾಯ್ಸಿ.

"ನಿಮ್ಮೂರಲ್ಲಿ ಅಡಿಗೆ ಮಾಡೋದು ಕಲ್ತಿದ್ರೆ ನೀನ್ಯಾಕೆ ಅಂಗಡಿ ರೋಟಿ ತರ್ತಿದ್ದೆ?" ಎಂದು ಕೆಲೆರಾ, ಬಾಯಿ ತುಂಬ ಆಲೂಗಡ್ಡೆ ಇಟ್ಟುಕೊಂಡು.

ಹೀಗೆ ಹತ್ತಾರು ವರ್ಷ. ಉನಾಯ್ಸಿಗೆ ಸ್ವಂತ ತಂಗಿ ಇರಲಿಲ್ಲ. ಇದ್ದಿದ್ದರೂ ಇಷ್ಟು ಕಾಟ ಕೊಡುತ್ತಿರಲಿಲ್ಲ, ಇಷ್ಟು ಹತ್ತಿರವೂ ಆಗುತ್ತಿರಲಿಲ್ಲ ಎಂದು ಅವಳೇ ಹೇಳುತ್ತಿದ್ದಳು.

ಸೋಸಿ ಸೋಸಿ ಕೊನೆಗೆ ಎರಡು ಸಾಫ್ಟ್‌ವೇರ್ ಉಳಿದವು. ಒಂದಕ್ಕೆ ಕೆಲೆರಾ 'ಮದುಮಗಳು' ಎಂದು ಹೆಸರಿಟ್ಟಳು. ತೆರೆದರೆ ಕಣ್ಣು ತುಂಬುತ್ತಿತ್ತು, ಫೋಟೋಗಳು ಹೂವಿನ ಹಾಸಿಗೆಯಂತೆ ಹರಡಿಕೊಳ್ಳುತ್ತಿದ್ದವು, ಏನನ್ನೂ ಕೇಳುತ್ತಿರಲಿಲ್ಲ. ಇನ್ನೊಂದು 'ಪಾದ್ರಿಯಮ್ಮ'. ಭಾನುವಾರ ಇಗರ್ಜಿಯ ಬಾಗಿಲಲ್ಲಿ ನಿಂತು ಹೋದ ವಾರ ಎಲ್ಲಿದ್ದೆ, ಜೊತೆಗಿದ್ದವನು ಯಾರು ಎಂದು ವಿಚಾರಿಸುವ ಪಾದ್ರಿಯ ಹೆಂಡತಿಯ ಹಾಗೆಯೇ ಅದು. ಒಂದು ಫೋಟೋ ಒಳಗೆ ಹಾಕಬೇಕಾದರೆ ನೂರು ಪ್ರಶ್ನೆ. ತೆಗೆದವರು ಯಾರು? ಇದರಲ್ಲಿರುವವರು ಯಾರು? ಕೊನೆಯಲ್ಲಿ ಕೆಂಪು ಗೆರೆಯ ಚೌಕದಲ್ಲಿ ಒಂದು: ಅನುಮತಿ ಕೊಟ್ಟವರು ಯಾರು? ಆ ಚೌಕ ಖಾಲಿ ಬಿಟ್ಟರೆ ಫೋಟೋ ಹೊಸಿಲು ದಾಟುತ್ತಿರಲಿಲ್ಲ. ಅದಕ್ಕೆ ಇನ್ನೊಂದು ಬುದ್ಧಿಯೂ ಇತ್ತು. ಒಂದೇ ಚಿತ್ರದ ನಕಲು ಎಲ್ಲೆಲ್ಲಿ ಅಡಗಿದ್ದರೂ, ಹೆಸರು ಬದಲಾಯಿಸಿದ್ದರೂ, ಅಂಚು ಕತ್ತರಿಸಿದ್ದರೂ, ಹುಡುಕಿ ತಂದು ಪಕ್ಕಪಕ್ಕ ನಿಲ್ಲಿಸುತ್ತಿತ್ತು.

ಉನಾಯ್ಸಿಯ ಮನಸ್ಸು ಪಾದ್ರಿಯಮ್ಮನ ಮೇಲೆ. ಅದಕ್ಕೆ ಕಾರಣವಿತ್ತು.

ಮೂರು ವರ್ಷದ ಹಿಂದೆ ಕಂಪನಿಯವರಿಗೆ ಹಳ್ಳಿಯ ಫೋಟೋ ಬೇಕಾದಾಗ ಅವಳು ತನ್ನ ತಾಯಿಯ ತವರು ವಾಯ್‌ಸೇರೆಗೆ ಫೋಟೋಗ್ರಾಫರನನ್ನು ಕರೆದುಕೊಂಡು ಹೋಗಿದ್ದಳು. ಕ್ರಮ ಪ್ರಕಾರ, ಅರೆದು ನೀರಲ್ಲಿ ಕಲಸಿ ಕುಡಿಯುವ ಯಂಗೋನಾ ಬೇರಿನ ಕಟ್ಟು ಕೊಟ್ಟು, ಚಪ್ಪಾಳೆ ತಟ್ಟಿ, ಅಪ್ಪಣೆ ಕೇಳಿ ಒಳಗೆ ಹೋದದ್ದು. ಆ ವಾರವೇ ಅಲ್ಲಿ ಹೊಸ ದೊರೆಯನ್ನು ಕೂರಿಸುವ ಶಾಸ್ತ್ರ. ಹೊರಗಿನವರು ನೋಡುವಂಥದ್ದಲ್ಲ. ಆದರೆ ದೊರೆಗೆ ಯಂಗೋನಾ ಬಟ್ಟಲು ಎತ್ತಿಕೊಡುವ ಹಿರಿಯರು ಅವಳ ಸೋದರಮಾವ ಅಪೊರೋಸಾ. "ಅಕ್ಕನ ಮಗಳು, ಇವಳಿಗಿಲ್ಲದ್ದು ಇನ್ಯಾರಿಗೆ," ಎಂದು ಸಭೆಯ ಎದುರೇ ಹೇಳಿ ಕ್ಯಾಮೆರಾಗೆ ಬಾಗಿಲು ತೆಗೆಸಿದರು. ಆಮೇಲೆ ಅವಳನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದ್ದು ಒಂದೇ ಮಾತು: "ಇದು ಮನೆಗೆ ಮಗಳೇ. ಅಂಗಡಿಗಲ್ಲ."

ಅವಳು ಮಾತು ಕೊಟ್ಟಿದ್ದಳು. ಹಳ್ಳಿಯ ಬೇರೆ ಫೋಟೋಗಳು ಕಂಪನಿಗೆ ಹೋದವು. ಶಾಸ್ತ್ರದ ಫೋಟೋಗಳನ್ನು ಅಚ್ಚು ಹಾಕಿಸಿ ಊರಿಗೆ ಮುಟ್ಟಿಸಿದಳು. ಮಾವ ಬಟ್ಟಲು ಎತ್ತಿ ನಗುತ್ತಿರುವ ಒಂದನ್ನು ಮಾತ್ರ ತನ್ನ ಕಂಪ್ಯೂಟರಿನಲ್ಲಿ ತನಗೆಂದು ಇಟ್ಟುಕೊಂಡಳು. ಕಂಪನಿಯ ಡಿಸ್ಕಿನಲ್ಲಿದ್ದ ಶಾಸ್ತ್ರದ ಫೋಟೋಗಳನ್ನೆಲ್ಲ ಅಳಿಸಬೇಕಿತ್ತು. ಡಿಸ್ಕುಗಳ ಉಸ್ತುವಾರಿ ಕೆಲೆರಾಳದು. ಅವಳು ಉನಾಯ್ಸಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅಳಿಸಿದಳು. "ನೋಡ್ಕೋ ತೌವು, ಹೋಯ್ತು. ಕಸದ ಬುಟ್ಟೀನೂ ಖಾಲಿ ಮಾಡ್ಲಾ? ನಿಮ್ಮೂರ ಜನಕ್ಕೆ ನಂಬಿಕೆ ಕಮ್ಮಿ," ಎಂದು ಅದನ್ನೂ ಮಾಡಿ ತೋರಿಸಿದಳು.

ಹೋದ ವರ್ಷ ಮಾವ ತೀರಿಕೊಂಡರು. ಅವರ ಶವಪೆಟ್ಟಿಗೆಯ ಮೇಲೆ ಇಟ್ಟ ಫೋಟೋ ಅದೇ, ಬಟ್ಟಲಿನ ನಗು. ಅಂದಿನಿಂದ ಉನಾಯ್ಸಿಗೆ ಯಾರೇ ಯಾವ ಹಳ್ಳಿಯ ಫೋಟೋ ತಂದರೂ, ಇದಕ್ಕೆ ಹೂಂ ಅಂದವರು ಯಾರು ಎಂದು ಕೇಳುವ ಚಾಳಿ ಅಂಟಿಕೊಂಡಿತು. ಪಾದ್ರಿಯಮ್ಮ ಅದನ್ನೇ ಕೇಳುತ್ತಿದ್ದಳು.

"ನಂಗಂತೂ ಮದುಮಗಳೇ ಸಾಕಪ್ಪ," ಎಂದಳು ಕೆಲೆರಾ. "ಈ ಪಾದ್ರಿಯಮ್ಮನ ಹತ್ರ ಪಾಪನಿವೇದನೆ ಮಾಡ್ತಾ ಕೂತ್ರೆ ಜಾಹೀರಾತು ಮಾಡೋದು ಯಾವಾಗ?"

"ಪಾಪ ಮಾಡ್ದೋರಿಗೆ ಭಯ."

"ಹಾಂ, ಬಂದ್ಲು ನೋಡು ಸಂತ ಉನಾಯ್ಸಿ!"

ಆ ಮಾತಿಗೂ ಎಲ್ಲರೂ ನಕ್ಕರು, ಉನಾಯ್ಸಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಪಾಪ, ಏನು ಗೊತ್ತಿತ್ತು ಅವಳಿಗೆ.

ಪರೀಕ್ಷೆಗೆಂದು ಪಾದ್ರಿಯಮ್ಮನನ್ನು ಕೆಲವು ವಾರ ಪುಕ್ಕಟೆ ಕೊಟ್ಟಿದ್ದರು. ಪ್ರಶ್ನೆಗಳಿಗೆ ಉತ್ತರ ಆಮೇಲೆ ತುಂಬಿದರಾಯಿತು, ನಕಲು ಹುಡುಕಲು ಮೊದಲು ಎಲ್ಲರ ಕಂಪ್ಯೂಟರು, ಎಲ್ಲರ ಡಿಸ್ಕು ಸುರಿದು ನೋಡಬೇಕು ಎಂಬುದು ಉನಾಯ್ಸಿಯ ಲೆಕ್ಕ. ತನ್ನದನ್ನು ಮೊದಲು ಸುರಿದಳು. ಅವಿನೇಶ್ ತನ್ನದನ್ನು ಕೊಟ್ಟ. ಕೆಲೆರಾ ಮಾತ್ರ ಇವತ್ತು ನಾಳೆ ಎನ್ನುತ್ತಿದ್ದಳು. "ನಂದ್ರಲ್ಲಿ ಎಲ್ಲಾ ಹೊರದೇಶದ ಏಜೆಂಟ್‌ಗಳ ಕೆಲ್ಸ ಕಣೇ, ಕಚಡಾ. ತೊಳ್ದು ಕೊಡ್ತೀನಿ." ಮರುದಿನ ಬೆನ್ನುನೋವು, ಅದರ ಮರುದಿನ ಡಿಸ್ಕಿನ ತಂತಿ ಮನೆಯಲ್ಲಿ.

ಉನಾಯ್ಸಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಬಂದದ್ದು ತುಂಟತನ. ಬುಧವಾರ ಕೆಲೆರಾ ಕೆಳಗೆ ಎಳನೀರು ಕುಡಿಯಲು ಹೋದಾಗ, ಅವಳ ಡ್ರಾಯರ್ ಎಳೆದು, ಕಾಲುಚೀಲದಲ್ಲಿ ಸುತ್ತಿಟ್ಟಿದ್ದ ಡಿಸ್ಕನ್ನು ಎತ್ತಿಕೊಂಡಳು. ತೌವು ಡ್ರಾಯರಿಗೆ ಕೈ ಹಾಕಲು ಅಪ್ಪಣೆ ಯಾಕೆ? ವಾಪಸು ಬಂದು ಬಾಯಿ ಬಡಿದುಕೊಳ್ಳುತ್ತಾಳೆ, ಮಜಾ ಇರುತ್ತದೆ ಎಂದು ಸ್ವಾಗತದ ಹುಡುಗಿಗೆ ಕಣ್ಣು ಮಿಟುಕಿಸಿ, ಡಿಸ್ಕನ್ನು ಸಿಕ್ಕಿಸಿ, ಪಾದ್ರಿಯಮ್ಮನ ಹೊಟ್ಟೆಗೆ ಸುರಿದಳು.

ಪಾದ್ರಿಯಮ್ಮ ತನ್ನ ಕೆಲಸ ಮಾಡಿದಳು. ಸ್ವಲ್ಪ ಹೊತ್ತಿನಲ್ಲಿ, ಉನಾಯ್ಸಿ ತನಗೆಂದು ಇಟ್ಟುಕೊಂಡಿದ್ದ ಆ ಒಂದೇ ಒಂದು ಫೋಟೋದ ಪಕ್ಕದಲ್ಲಿ, ಇದರ ನಕಲುಗಳು ಇನ್ನೂ ಇವೆ ಎಂದು ತೋರಿಸಿದಳು.

ತಪ್ಪಾಗಿರಬೇಕು ಎಂದುಕೊಂಡೇ ಉನಾಯ್ಸಿ ಅದನ್ನು ಒತ್ತಿದಳು. ಮಾವ ಸಾಲಾಗಿ ಬಂದು ನಿಂತರು. ಆಕ್ಲೆಂಡ್ ಏಜೆಂಟಿನ ಭಿತ್ತಿಪತ್ರದಲ್ಲಿ ಮಾವ. ಟೋಕಿಯೊ ಏಜೆಂಟಿನ ಕೈಪಿಡಿಯ ಮೇಲೆ ಮಾವ. ವಿಮಾನದೊಳಗಿನ ಪತ್ರಿಕೆಗೆ ಕೊಟ್ಟ ಇಡೀ ಪುಟದಲ್ಲಿ ಮಾವ. ಎಲ್ಲದರಲ್ಲೂ ಎದುರಿಗಿದ್ದ ಹೊಸ ದೊರೆಯನ್ನು ಕತ್ತರಿಸಿ ಹಾಕಿದ್ದರು. ಹಾಗಾಗಿ ಮಾವ ಆ ಬಟ್ಟಲನ್ನು ನೋಡಿದವರಿಗೇ ಚಾಚಿದಂತೆ ಕಾಣುತ್ತಿತ್ತು. ಕೆಳಗೆ ಚಿನ್ನದ ಅಕ್ಷರ: 'ಒಂದು ದಿನದ ದೊರೆ. ಈ ಬಟ್ಟಲು ನಿಮಗಾಗಿ ಕಾದಿದೆ.' ಕೊಠಡಿ, ಊಟ, ಹೂಮಾಲೆ ಸೇರಿಸಿದ ಪ್ಯಾಕೇಜು. ಮೊದಲನೆಯದರ ತಾರೀಖು ನೋಡಿದಳು. ಅಳಿಸಿ ತೋರಿಸಿದ ಮರುತಿಂಗಳದು. ಮಾವ ಬದುಕಿದ್ದಾಗಿನಿಂದ, ಸತ್ತಮೇಲೂ, ಅಂಗಡಿಯಲ್ಲೇ ನಿಂತಿದ್ದರು. ಇಲ್ಲಿ ಫಿಜಿಯೊಳಗೆ ಮಾತ್ರ ಒಂದು ಹಾಳೆಯೂ ಹೊರಬಿದ್ದಿರಲಿಲ್ಲ. ಅವಳ ಕಣ್ಣಿಗೆ ಬೀಳಬಾರದೆಂದು ಅಷ್ಟು ಜೋಪಾನ ಮಾಡಿದ್ದರು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಉನಾಯ್ಸಿ ಮತ್ತೆ ಮೊದಲಿನಿಂದ ಒಂದೊಂದನ್ನೇ ತೆರೆದು ನೋಡಿದಳು. ಅಷ್ಟರಲ್ಲಿ ಕೆಲೆರಾ ಎಳನೀರಿನ ಕಾಯಿ ಹಿಡಿದು ಒಳಗೆ ಬಂದಳು. ತನ್ನ ಡಿಸ್ಕನ್ನು ನೋಡಿದಳು, ಪರದೆಯನ್ನು ನೋಡಿದಳು. ಅವಳ ಮುಖದಲ್ಲಿ ಒಂದು ಕ್ಷಣ ಏನೂ ಇರಲಿಲ್ಲ. ಆಮೇಲೆ ನಕ್ಕಳು.

"ಅಯ್ಯೋ ಕಳ್ಳೀ, ಡ್ರಾಯರಿಗೆ ಕೈ ಹಾಕೋವಷ್ಟು ಬಂತಾ ನಿಮ್ಮೂರಿಗೆ ಬಡತನ?"

"ಅಳಿಸಿದೆ ಅಂದೆ. ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಅಳಿಸಿದೆ ಅಂದೆ!"

ಕೂಗು ದೊಡ್ಡದಾಗಿಯೇ ಬಂತು. ಸ್ವಾಗತದ ಹುಡುಗಿ ಕುರ್ಚಿ ತಿರುಗಿಸಿ ಕೂತಳು, ನಾಟಕ ಶುರುವಾಯಿತೆಂದು. ಅವಿನೇಶ್ ತನ್ನ ಕೋಣೆಯಿಂದ ಇಣುಕಿ ನಗುತ್ತಾ, "ಇವತ್ತು ಯಾರ ಊರು ಗೆಲ್ತು?" ಎಂದ.

"ಸುಳ್ಳಿ! ನಂಬಿಸಿ ಕತ್ತು ಕೊಯ್ದವಳೇ!" ಎಂದಳು ಉನಾಯ್ಸಿ.

ಎಲ್ಲರೂ ಇನ್ನೂ ಜೋರಾಗಿ ನಕ್ಕರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಎಷ್ಟು ಕೆಟ್ಟ ಮಾತು ಬಂದರೆ ಅಷ್ಟು ಒಳ್ಳೆಯ ತೌವು ಎಂದು ಲೆಕ್ಕ ಈ ನಾಡಿನಲ್ಲಿ. ಉನಾಯ್ಸಿ ಬೈದ ಒಂದೊಂದು ಬೈಗುಳವೂ ಹಿಂದೆ ನೂರು ಸಲ ತಮಾಷೆಗೆ ಸವೆದುಹೋಗಿತ್ತು. ನಿಜವಾಗಿ ಬೈಯಬೇಕಾಗಿ ಬಂದ ದಿನ ಅವಳ ಹತ್ತಿರ ಒಂದು ಹೊಸ ಮಾತೂ ಉಳಿದಿರಲಿಲ್ಲ. ಅವಳಿಗೆ ಅಳು ಬಂತು, ಆಗ ಎಲ್ಲರೂ ಸುಮ್ಮನಾದರು.

ಕೆಲೆರಾ ಅವಳ ತೋಳು ಹಿಡಿದು ಮೆಟ್ಟಿಲ ಕಡೆಗೆ ಕರೆದುಕೊಂಡು ಹೋದಳು. ಕೆಳಗಿನ ಅಂಗಡಿಯಿಂದ ಊದುಬತ್ತಿ ವಾಸನೆ ಬರುತ್ತಿತ್ತು.

"ಆ ವರ್ಷ ನನ್ನ ಕೆಲ್ಸ ಹೋಗೋದ್ರಲ್ಲಿತ್ತು ಕಣೇ. ಆಕ್ಲೆಂಡ್ನೋರು ನಿಜವಾದ್ದು ಏನಾದ್ರೂ ಕೊಡಿ, ಹೋಟ್ಲಲ್ಲಿ ಹುಲ್ಲುಲಂಗ ಕಟ್ಟಿ ಕುಣಿಯೋದು ಬೇಡ ಅಂದ್ರು. ನಿನ್ನ ಮಾವ ಎಷ್ಟು ಚೆನ್ನಾಗಿ ನಗ್ತಿದ್ರು ಅದ್ರಲ್ಲಿ. ಒಂದೇ ಸಲ ಅಂದ್ಕೊಂಡೆ."

"ನನ್ನ ಕೇಳ್ಬಹುದಿತ್ತಲ್ಲ."

"ತೌವು ತೌವು ಮಧ್ಯೆ ಕೇಳೋದೇನೇ? ನೀನು ನನ್ನ ಡಿಸ್ಕ್ ತಗೊಂಡೆಯಲ್ಲ, ಕೇಳಿದ್ಯಾ?"

ಉನಾಯ್ಸಿ ತೋಳು ಬಿಡಿಸಿಕೊಂಡಳು. "ನನ್ನ ರೋಟಿ ತಿನ್ನು, ನನ್ನ ಕೊಡೆ ಒಯ್ಯಿ. ಇದು ನಂದಲ್ಲ. ವಾಯ್‌ಸೇರೆ ನಿನಗೆ ತೌವು ಅಲ್ಲ ಕೆಲೆರಾ. ಅವರು ನನ್ನ ಕೈಲಿ ಇಟ್ಟಿದ್ದು, ನಾನು ನಿನ್ನ ಕೈಲಿ ಇಟ್ಟಿದ್ದು."

"ತಪ್ಪಾಯ್ತು," ಎಂದಳು ಕೆಲೆರಾ, ಮೊದಲ ಸಲ ಕಣ್ಣು ತಗ್ಗಿಸಿ. "ಈಗ ಏನ್ಮಾಡ್ತೀಯಾ?"

"ಶನಿವಾರ ಊರಿಗೆ ಹೋಗ್ತೀನಿ. ನಾನೇ ಬಾಯಿಬಿಟ್ಟು ಹೇಳ್ತೀನಿ. ಬೇರೆಯವರ ಬಾಯಿಂದ ಅವರು ಕೇಳಬಾರದು."

ಕೆಲೆರಾ ತಲೆಯಾಡಿಸಿದಳು. "ಸರಿ. ಹಾಗೇ ಮಾಡು," ಎಂದು ಕೈ ಅದುಮಿದಳು. ಇಷ್ಟಾದರೂ ಆ ಕೈ ಉನಾಯ್ಸಿಗೆ ಬೆಚ್ಚಗೇ ಇತ್ತು.

ಶನಿವಾರ ಬೆಳಗ್ಗೆ ಸಂತೆಯಲ್ಲಿ ಒಳ್ಳೆಯ ಬೇರಿನ ಕಟ್ಟು ಕೊಂಡು, ಸುದ್ದಿಪತ್ರಿಕೆಯಲ್ಲಿ ಸುತ್ತಿ ರಿಬ್ಬನ್ ಕಟ್ಟಿಸಿ, ಸಿಂಗಾತೋಕಾಗೆ ಬಸ್ಸಿನಲ್ಲಿ, ಅಲ್ಲಿಂದ ನದಿಗುಂಟ ಮೇಲಕ್ಕೆ ಕ್ಯಾರಿಯರ್ ಲಾರಿಯಲ್ಲಿ, ಕುಂಬಳಕಾಯಿ ಮೂಟೆಗಳ ಮೇಲೆ ಕೂತು ಹೋದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಮಾವನ ಹೆಂಡತಿ, ಅತ್ತೆ ಮಾಕೆರೆಟಾ ಬೈದರೆ ಬೈಯಲಿ. ಹಿರಿಯರು ಬೇರನ್ನು ಮುಟ್ಟದೆ ಹೊರಗೆ ಕೂರಿಸಿದರೆ ಕೂರುವುದು. ತಾಯಿಯ ತವರಿನಲ್ಲಿ ಮಗಳು ಎಂಬ ಒಂದು ಮಾತು ಉಳಿದರೆ ಸಾಕು ಎನಿಸಿತ್ತು ಅವಳಿಗೆ.

ಲಾರಿ ಇಳಿದಾಗ ಮಕ್ಕಳು ಓಡಿಬರಲಿಲ್ಲ. ಅತ್ತೆ ಅಡಿಗೆಮನೆಯ ಹೊಸಿಲಲ್ಲಿ ಚಾಪೆಗೆಂದು ಒಣಗಿದ ಎಲೆ ಸೀಳುತ್ತಾ ಕೂತಿದ್ದಳು. ಕೆನ್ನೆಗೆ ಕೆನ್ನೆ ತಾಗಿಸಿ ಮೂಸಿದಳು, ಕೂರು ಎಂದಳು. ನಿಂಬೆಲೆ ಹಾಕಿದ ಟೀ ಬಂತು, ಬೇಯಿಸಿದ ಮರಗೆಣಸು ಬಂತು. ಎಲ್ಲ ಸರಿಯಾಗಿಯೇ ಇತ್ತು, ಅದೇ ಸರಿಯಿರಲಿಲ್ಲ.

"ಅತ್ತೆ, ನಾನೊಂದು ವಿಷಯ..."

"ಅದೆಲ್ಲ ಮುಗೀತಲ್ಲ ಮಗಳೇ. ನಿನ್ನೆ ಬಂದಿದ್ರು ನಿಮ್ಮ ಆಫೀಸಿನೋರು."

ಉನಾಯ್ಸಿಗೆ ಅರ್ಥವಾಗಲಿಲ್ಲ. "ಯಾರು?"

"ನಿನ್ನ ಗೆಳತಿ. ನಿಮ್ಮ ಸಾಹೇಬ್ರು, ಪಾಪ, ಅವರೂ ಸುಲು ಪಂಚೆ ಉಟ್ಕೊಂಡು ನೆಲದ ಮೇಲೆ ಕೂತಿದ್ರು. ಮಾತಾಡೋಕೆ ರೆಸಾರ್ಟಿನ ಹಿರಿಯರೊಬ್ರನ್ನ ಕರ್ಕೊಂಡು ಬಂದಿದ್ರು. ದೊಡ್ಡ ತಿಮಿಂಗಿಲದ ಹಲ್ಲು ತಂದಿದ್ರು, ಹಳೇದು, ಕೆಂಪಗಾಗಿತ್ತು. ತಪ್ಪಾಯ್ತು ಅಂತ ಮುಂದಿಟ್ರು. ಹಿರಿಯರು ಮುಟ್ಟಿದ್ರು. ತಪ್ಪು ಹೂತಾಯ್ತು, ಇನ್ನು ಯಾರೂ ಅದನ್ನ ಎತ್ತೋ ಹಾಗಿಲ್ಲ." ಅತ್ತೆ ಎಲೆ ಸೀಳುವುದನ್ನು ನಿಲ್ಲಿಸಿದಳು. "ನಿನ್ನ ಗೆಳತಿ ತುಂಬಾ ಅತ್ಲು. 'ಉನಾಯ್ಸಿ ನಾನು ಇಬ್ರೂ ಸೇರಿ ಮಾಡಿದ್ದು, ಅವಳಿಗೆ ಮುಖ ತೋರ್ಸೋಕೆ ನಾಚಿಕೆ, ಅವಳ ಪರವಾಗೂ ನಾನೇ ಬೇಡ್ತೀನಿ' ಅಂದ್ಲು."

ಉನಾಯ್ಸಿ ಟೀ ಲೋಟ ಕೆಳಗಿಟ್ಟಳು. ನಾನಲ್ಲ ಎನ್ನಬೇಕು. ನನಗೆ ಗೊತ್ತೇ ಇರಲಿಲ್ಲ, ಬುಧವಾರ ನೋಡಿದ್ದು ಎನ್ನಬೇಕು. ಆದರೆ ಹಿರಿಯರು ಹಲ್ಲನ್ನು ಮುಟ್ಟಿ ಕ್ಷಮಿಸಿದಮೇಲೆ ಆ ಮಾತು ನೆಲದೊಳಗೆ ಹೋಯಿತು. ಅದನ್ನು ಅಗೆದವರು ಹಿರಿಯರ ಕೈಯನ್ನೇ ಸುಳ್ಳು ಮಾಡಿದಂತೆ. ತನ್ನನ್ನು ಉಳಿಸಿಕೊಳ್ಳಲು ಅವಳು ಊರನ್ನು ಒಡೆಯಬೇಕಿತ್ತು. ಕೆಲೆರಾಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಒಂದು ದಿನ ಮೊದಲು ಬಂದಿದ್ದಳು. ಮಾವನನ್ನು ಮಾರಿದ್ದು ಸಾಲದೆಂದು ಉನಾಯ್ಸಿಯ ಬಾಯನ್ನೂ ಹೂತು ಹೋಗಿದ್ದಳು, ಅದೂ ಅಳುತ್ತಾ.

ಅವಳು ತಂದ ಬೇರಿನ ಕಟ್ಟನ್ನು ಅತ್ತೆ ತೆಗೆದುಕೊಂಡು, "ಸಂಜೆ ಗಂಡಸರು ಕುಡೀತಾರೆ ಬಿಡು," ಎಂದು ಸಕ್ಕರೆ ಡಬ್ಬಿಯ ಪಕ್ಕ ಇಟ್ಟಳು.

"ಅತ್ತೆ," ಎಂದಳು ಉನಾಯ್ಸಿ, "ಆ ಫೋಟೋ ಇನ್ನುಮುಂದೆ ಬಳಸ್ಕೊಳ್ಳಿ ಅಂತ ಹಿರಿಯರು ಹೇಳಿದ್ರಾ?"

"ಅವರು ಕೇಳ್ಲೇ ಇಲ್ಲ, ನಾವು ಕೊಡ್ಲೂ ಇಲ್ಲ. ಹೂತಿದ್ದು ತಪ್ಪನ್ನ. ಫೋಟೋ ಕೊಡೋಕೆ ಅದೇನು ಹಿತ್ತಲ ಸೌತೆಕಾಯಾ?"

ಹೊರಡುವಾಗ ಅತ್ತೆ ಲಾರಿಯವರೆಗೂ ಬಂದಳು. ಬುತ್ತಿ ಕಟ್ಟಿಕೊಟ್ಟಳು. ಲಾರಿ ಕದಲುವ ಮೊದಲು, ಬೈಯುವ ದನಿಯಲ್ಲಲ್ಲ, ಸುಮ್ಮನೆ ಹೇಳಿದಳು: "ನೀನೇ ಮೊದಲು ಬರ್ತೀಯ ಅಂದ್ಕೊಂಡಿದ್ದೆ."

ಉನಾಯ್ಸಿ ಬುತ್ತಿಯನ್ನು ಎದೆಗೆ ಅವುಚಿಕೊಂಡು ನಾಂದಿಯವರೆಗೂ ಹಾಗೇ ಕೂತಿದ್ದಳು.

ಸೋಮವಾರ ಆಯ್ಕೆಯ ಸಭೆ. ಅವಿನೇಶ್ ಹುರುಪಿನಲ್ಲಿದ್ದ. ಕೆಲೆರಾ ಕಿವಿಗೆ ಕೆಂಪು ದಾಸವಾಳ ಸಿಕ್ಕಿಸಿಕೊಂಡು ಬಂದಿದ್ದಳು.

"ನನ್ನ ವೋಟು ಪಾದ್ರಿಯಮ್ಮಂಗೆ," ಎಂದಳು ಎಲ್ಲರಿಗಿಂತ ಮೊದಲು. "ನೋಡು ತೌವು, ನಿನ್ನ ಮಾತೇ ನಡೀಲಿ. ಬೀಗದ ಕೈಯೂ ನಿನ್ನ ಹತ್ರಾನೇ ಇರ್ಲಿ."

ದುಬಾರಿ ಉಡುಗೊರೆ ಕೊಟ್ಟು, ಕೊಟ್ಟದ್ದನ್ನು ತಾನೇ ಮೆಚ್ಚಿ ನೋಡುವವರ ಹಾಗೆ ನೋಡಿದಳು. ಅವಿನೇಶ್ ಮೇಜು ತಟ್ಟಿದ. "ಆಯ್ತು, ಪಾದ್ರಿಯಮ್ಮನೇ ಖಾಯಂ. ಯಾವ ಫೋಟೋ ಹೊರಗೆ ಹೋಗ್ಬೇಕಾದ್ರೂ ಉನಾಯ್ಸಿ ಕೈಯಿಂದ್ಲೇ ಹೋಗ್ಲಿ. ಮೊದ್ಲು ಆ ವಾಯ್‌ಸೇರೆ ಫೋಟೋಗಳನ್ನ ಸರಿಯಾಗಿ ಒಳಗೆ ಹಾಕಿ. ಸೀಸನ್ ಬಂತು. ಈಗಂತೂ ಊರಿನವರ ಒಪ್ಪಿಗೆನೂ ಸಿಕ್ಕಿದೆ."

"ಸಿಕ್ಕಿದ್ಯಾ ಬಾಸ್?"

"ಮತ್ತೆ? ಶುಕ್ರವಾರ ಮಂಡಿ ನೋವಾಗೋವರೆಗೂ ಕೂತಿದ್ದು ಯಾಕೆ?"

ಉನಾಯ್ಸಿ ಕೆಲೆರಾಳ ಕಡೆ ತಿರುಗಿದಳು. ಇದೊಂದು ಮಾತನ್ನಾದರೂ ಇವಳು ನೇರವಾಗಿ ಆಡಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡಳು. "ನೀನಿದ್ದೆ. ಆ ಭಾಷೆ ನಿಂಗೆ ಬರುತ್ತೆ, ಬಾಸ್‌ಗೆ ಬರಲ್ಲ. ಫೋಟೋ ಕೊಟ್ವಿ ಅಂದ್ರಾ ಅವರು?"

ಕೆಲೆರಾ ಕಿವಿಯ ಹೂವು ಸರಿಮಾಡಿಕೊಂಡಳು. "ಹಲ್ಲು ಮುಟ್ಟಿದ್ರಲ್ಲ ಕಣೇ. ಎರಡೂ ಒಂದೇ ಅಲ್ವಾ."

ಅವಳಿಗೆ ಗೊತ್ತಿತ್ತು ಎರಡೂ ಒಂದಲ್ಲವೆಂದು. ತೊಟ್ಟಿಲಲ್ಲಿರುವ ಮಗುವಿಗೂ ಗೊತ್ತು.

ಉನಾಯ್ಸಿ ಕೀಲಿಮಣೆ ಎಳೆದುಕೊಂಡಳು. ಪಾದ್ರಿಯಮ್ಮನನ್ನು ಗೋಡೆಯ ದೊಡ್ಡ ಪರದೆಗೆ ಹಾಕಿದಳು. ಮಾವನನ್ನು ಕರೆದಳು. ತೆಗೆದವರು ಯಾರು, ಬರೆದಳು. ಇದರಲ್ಲಿರುವವರು ಯಾರು, ಅಪೊರೋಸಾ, ನನ್ನ ಸೋದರಮಾವ, ಎಂದು ಬರೆದಳು. ಕೆಂಪು ಚೌಕ ಬಂತು. ಅನುಮತಿ ಕೊಟ್ಟವರು ಯಾರು? ಎಲ್ಲರೂ ನೋಡುತ್ತಿರುವಾಗ ಅವಳು ನಿಧಾನವಾಗಿ ಬರೆದಳು: ಯಾರೂ ಕೊಟ್ಟಿಲ್ಲ. ಆಮೇಲೆ ಬೀಗದ ಗುರುತನ್ನು ಒತ್ತಿದಳು. ಎಲ್ಲ ನಕಲುಗಳ ಮೇಲೂ ಒಂದೊಂದಾಗಿ ಬೂದು ಪರದೆ ಬಿತ್ತು.

"ಏನಿದು?" ಎಂದ ಅವಿನೇಶ್. ದನಿಯಲ್ಲಿ ಸೀಸನ್ನಿನ ಬಿಸಿಯಿತ್ತು. "ಅಳಿಸು ಅದನ್ನ."

"ನೀವೇ ಅಳಿಸ್ಬಹುದು ಬಾಸ್. ಯಾಕೆ ಅಂತ ಬರೀಬೇಕು, ಅಷ್ಟೆ. ಅನುಮತಿ ಕೊಟ್ಟವರ ಹೆಸರು, ಅದನ್ನ ಬರೆದವರ ಹೆಸರು, ಎರಡೂ ಅಲ್ಲೇ ಉಳಿಯುತ್ತೆ. ನಾಳೆ ಯಾವ ವಕೀಲ ಕೇಳಿದ್ರೂ ಪಾದ್ರಿಯಮ್ಮ ಹೇಳ್ತಾಳೆ." ಕೀಲಿಮಣೆಯನ್ನು ಅವನ ಕಡೆ ಸರಿಸಿದಳು.

ಅವಿನೇಶ್ ಕೆಲೆರಾಳ ಕಡೆ ನೋಡಿದ. ಕೆಲೆರಾ ಕಿಟಕಿಯ ಕಡೆ ನೋಡಿದಳು. ಕೀಲಿಮಣೆ ಮೇಜಿನ ನಡುವೆ ಹಾಗೇ ಉಳಿಯಿತು. ಕೊನೆಗೆ ಅವಿನೇಶ್, ಸಮುದ್ರದ ಫೋಟೋ ಯಾವುದಾದರೂ ಹಾಕಿ ಎಂದು ಗೊಣಗಿ ಎದ್ದುಹೋದ.

ಗೆದ್ದಳೇ ಎಂದು ಕೇಳಬೇಡಿ. ಅಚ್ಚಾದ ಹಾಳೆಗಳಿಗೆ ಯಾವ ಬೀಗ? ಆಕ್ಲೆಂಡಿನ ಅಂಗಡಿಯ ಗಾಜಿನ ಹಿಂದೆ ಅಪೊರೋಸಾ ಇವತ್ತಿಗೂ ದಾರಿಹೋಕರಿಗೆ ಬಟ್ಟಲು ಚಾಚಿ ನಗುತ್ತಿರಬಹುದು. ವಾಯ್‌ಸೇರೆಯಲ್ಲಿ ಉನಾಯ್ಸಿ ಎಂದರೆ ಮಾವನನ್ನು ಮಾರಿದವಳು, ಕ್ಷಮೆ ಬೇಡಲೂ ಬರದೆ ಇನ್ನೊಬ್ಬಳನ್ನು ಕಳಿಸಿದವಳು. ಆ ಮಾತನ್ನು ಯಾರೂ ಎಂದೂ ಬಾಯಿಬಿಟ್ಟು ಹೇಳುವುದಿಲ್ಲ, ಆದ್ದರಿಂದ ಅವಳು ಅಲ್ಲವೆನ್ನುವುದಕ್ಕೂ ಆಗುವುದಿಲ್ಲ.

ಮಧ್ಯಾಹ್ನ ಉನಾಯ್ಸಿ ತನ್ನ ಮೇಜಿನಲ್ಲಿ ರೋಟಿ ಪಾರ್ಸೆಲ್ ಬಿಚ್ಚಿದಳು. ಕೆಲೆರಾ ಎಂದಿನಂತೆ ಕುರ್ಚಿ ಎಳೆದುಕೊಂಡು ಬಂದಳು.

"ಇವತ್ತೂ ಆಲೂಗಡ್ಡೇನಾ? ನಿಮ್ಮೂರಲ್ಲಿ ಮೀನಿಗೇನು ಬರ ಬಂತೇನೇ?" ಎಂದು ಕೈ ಚಾಚಿದಳು.

ಉನಾಯ್ಸಿ ಬೈಯಲಿಲ್ಲ. ಎದ್ದು ಹೋಗಿ ಕಪಾಟಿನಿಂದ ಒಂದು ತಟ್ಟೆ ತಂದಳು, ಗಿರಾಕಿಗಳು ಬಂದಾಗ ತೆಗೆಯುವ ಪಿಂಗಾಣಿ ತಟ್ಟೆ. ರೋಟಿಯನ್ನು ಚಾಕುವಿನಲ್ಲಿ ಎರಡು ಭಾಗ ಮಾಡಿ, ದೊಡ್ಡ ಭಾಗವನ್ನು ತಟ್ಟೆಗೆ ಹಾಕಿ, ಪಕ್ಕದಲ್ಲಿ ಕಾಗದದ ಕರವಸ್ತ್ರ ಮಡಚಿಟ್ಟು, ಎರಡೂ ಕೈಯಿಂದ ಕೆಲೆರಾಳ ಮುಂದೆ ಇಟ್ಟಳು.

ಚಾಚಿದ ಕೈ ಅಲ್ಲೇ ನಿಂತಿತ್ತು. ಸ್ವಾಗತದ ಹುಡುಗಿ ನಗಲು ಬಾಯಿ ತೆರೆದವಳು ಇಬ್ಬರ ಮುಖ ನೋಡಿ ಮುಚ್ಚಿಕೊಂಡಳು. ಕೆಲೆರಾ ಕೈಯನ್ನು ಹಿಂದಕ್ಕೆ ತೆಗೆದು, ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಮೆಲ್ಲಗೆ ಥ್ಯಾಂಕ್ಸ್ ಎಂದಳು. ಇಷ್ಟು ವರ್ಷಗಳಲ್ಲಿ ಅವಳು ಉನಾಯ್ಸಿಗೆ ಆ ಮಾತು ಹೇಳಿದ್ದು ಅದೇ ಮೊದಲು.